ಅದೇ ಹೆಸರಿನ ಬೇರೆ ಗಾಡಿ

ಅನ್ವರ್ ಭಾಯಿ, ನಾನು ನಿಮಗೆ ಸುಳ್ಳು ಹೇಳಿ ಆ ಕಾರು ಮಾರಿದೆ. ಎಲ್ಲ ಗೊತ್ತಿದ್ದೂ ಮಾರಿದೆ.

ರಾಣೆಬೆನ್ನೂರಿನ ನಮ್ಮ ಶೋರೂಮಿಗೆ ನೀವು ಬ್ಯಾಡಗಿಯಿಂದ ಬಂದದ್ದೇ ಆ ಕಾರನ್ನು ಹುಡುಕಿಕೊಂಡು. ದುಬೈಯಲ್ಲಿದ್ದ ನಿಮ್ಮ ತಮ್ಮ ಅದೇ ಹೆಸರಿನ ಕಾರಿನಲ್ಲಿ ಅಪಘಾತವಾಗಿ, ಮೈಮೇಲೆ ಒಂದು ಗೀರೂ ಇಲ್ಲದೆ ಎದ್ದು ಬಂದಿದ್ದ. ಬಾಗಿಲು ನುಜ್ಜುಗುಜ್ಜಾಗಿತ್ತು, ಕಿಟಕಿಯುದ್ದಕ್ಕೂ ಉಬ್ಬಿದ ಏರ್‌ಬ್ಯಾಗು ಅವನ ತಲೆ ಕಾದಿತ್ತು. ಆ ಫೋಟೊ ತೋರಿಸಿ ಕೇಳಿದಿರಿ: "ಸಿದ್ದಣ್ಣ, ಇದೂ ಅದ ಗಾಡಿ ಹೌದಲ್ರಿ?"

"ಅದ ಗಾಡಿರೀ ಭಾಯಿ. ಕಣ್ಣ ಮುಚ್ಚಿ ತಗೋರಿ."

ಅಯ್ಯೋ, ಎಷ್ಟು ಸಲೀಸಾಗಿ ಬಂತು ಆ ಮಾತು! ಆ ದೇಶದ ನಿಯಮ ಬೇರೆ, ನಮ್ಮದು ಬೇರೆ. ಕಂಪನಿ ಅಲ್ಲಿಗೊಂದು ನಮೂನೆ ಮಾಡುತ್ತಿತ್ತು, ಇಲ್ಲಿಗೊಂದು. ಹೆಸರು ಒಂದೇ, ಬಣ್ಣ ಒಂದೇ — ನಿಮಗೆ ಕೊಟ್ಟದ್ದರಲ್ಲಿ ಆ ಪಕ್ಕದ ಏರ್‌ಬ್ಯಾಗು ಇರಲೇ ಇಲ್ಲ. ನಮಗೆ ತರಬೇತಿಯಲ್ಲೇ ಹೇಳಿದ್ದರು. ಆದರೆ ನಿಜ ಹೇಳಿ ನೀವು ಎದ್ದು ಹೋದರೆ, ಮ್ಯಾನೇಜರ್ ಕೈಲಿ ಬೈಸಿಕೊಳ್ಳುವುದು — ಛೇ, ಇದನ್ನೆಲ್ಲ ಈಗ ಯಾವ ಬಾಯಿಂದ ಹೇಳಲಿ.

ನೀವು ಆ ಕಾರು ಓಡಿಸುತ್ತಿದ್ದಾಗ ಮೋಟೆಬೆನ್ನೂರಿನ ಹತ್ತಿರ ಲಾರಿ ಬಡಿದದ್ದು ನಿಮ್ಮ ಹೆಂಡತಿ ಶಮೀಮ್ ಭಾಭಿ ಕೂತಿದ್ದ ಪಕ್ಕಕ್ಕೇ. ನೀವು ಉಳಿದಿರಿ, ಅವರು ಉಳಿಯಲಿಲ್ಲ. ಮಾತಾಡಿಸಿಕೊಂಡು ಹೋಗಲು ಬಂದ ನನ್ನ ಕೈಯನ್ನು ನೀವೇ ಹಿಡಿದುಕೊಂಡಿರಿ.

"ಗಾಡಿದೇನ ತಪ್ಪಿಲ್ರಿ ಸಿದ್ದಣ್ಣ. ಅದ ಗಾಡ್ಯಾಗ ನಮ್ಮ ತಮ್ಮ ಉಳದಾನ. ನನಗ ಹೊಡಿಯಾಕ ಬರಲಿಲ್ಲ. ನಾನ ಕೊಂದೆ ಆಕಿನ್ನ."

ಆಗಲೇ ಹೇಳಬೇಕಿತ್ತು. ನಿಮ್ಮ ಮಗಳು ಬಾಗಿಲಲ್ಲಿ ನಿಂತು ಆ ಮಾತು ಕೇಳಿಸಿಕೊಂಡಳು. ನಾನು ನಿಮ್ಮ ಮನೆಯ ಚಹಾ ಕುಡಿದು ಎದ್ದು ಬಂದೆ.

ಆ ಏರ್‌ಬ್ಯಾಗು ಇದ್ದಿದ್ದರೆ ಭಾಭಿ ಬದುಕುತ್ತಿದ್ದರೋ ಇಲ್ಲವೋ — ನನಗೆ ಗೊತ್ತಿಲ್ಲ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲ ದೇಶಗಳಲ್ಲೂ ಕಾರುಗಳಿಗೆ ಒಂದೇ ಸುರಕ್ಷತಾ ನಿಯಮ ಇರಬೇಕೆಂದು ಈಗ ಪೇಪರಿನಲ್ಲಿ ಬರೆಯುತ್ತಾರೆ. ಯಾವ ನಿಯಮ ಬಂದು ಏನು, ಭಾಯಿ? ಸತ್ತವರು ಸತ್ತರು.

ನೀವು ಸ್ಟೀರಿಂಗ್ ಮುಟ್ಟುವುದನ್ನೇ ಬಿಟ್ಟಿರಿ. ಮದುವೆಯಾಗಿ ಹಾವೇರಿಗೆ ಹೋದ ಮಗಳು ಇವತ್ತಿಗೂ ನಿಮ್ಮನ್ನು ಮಾತಾಡಿಸುವುದಿಲ್ಲವಂತೆ. ಅದು ನನಗೆ ಈಗಷ್ಟೇ ಗೊತ್ತಾಯಿತು. ಕ್ಷಮಿಸಿ ಎನ್ನಲು ನನಗೆ ಮುಖವಿಲ್ಲ. ಹಾವೇರಿ ಬಸ್ಸಿಗೆ ಕಾಯುತ್ತ ಇದನ್ನು ಬರೆಯುತ್ತಿದ್ದೇನೆ. ಮೊದಲು ಅವಳಿಗೆ ಹೇಳುತ್ತೇನೆ — ನಿಮ್ಮಪ್ಪ ಕೊಲ್ಲಲಿಲ್ಲಮ್ಮ ಎಂದು. ಆಮೇಲೆ ಅವಳು ಮುಖಕ್ಕೆ ಉಗುಳಿದರೆ, ಒರೆಸಿಕೊಳ್ಳದೆ ನಿಲ್ಲುತ್ತೇನೆ.