ಬೆನ್ನ ಮೇಲಿನ ಓರೆ ಗೆರೆ

ಪುಸ್ತಕ ಬಿಚ್ಚುವ ಮುಂಚೆ ಅದರ ಬೆನ್ನ ಮೇಲೆ ಓರೆಯಾಗಿ ಒಂದು ಪೆನ್ಸಿಲ್ ಗೆರೆ ಎಳೆಯಬೇಕು. ಮೈಸೂರಿನಲ್ಲಿ ನಮ್ಮ ಉಸ್ತಾದರು ನನಗೆ ಕಲಿಸಿದ ಮೊದಲ ಕೆಲಸ ಅದು. ಪುಸ್ತಕ ಅಂದರೆ ಮಡಿಸಿದ ಹಾಳೆಗಳ ಕಟ್ಟುಗಳು; ಒಂದೊಂದು ಕಟ್ಟಿಗೆ ನಾವು ಫಾರಂ ಅನ್ನುತ್ತೇವೆ. ಒಂದರ ಪಕ್ಕ ಒಂದು ಇಟ್ಟು ಹೊಲಿದಿರುತ್ತಾರೆ. ಓರೆ ಗೆರೆ ಎಳೆದರೆ ಪ್ರತಿ ಫಾರಂನ ಬೆನ್ನಿನ ಮೇಲೂ ಒಂದು ಚುಕ್ಕೆ ಬೀಳುತ್ತದೆ, ಮೊದಲನೆಯದಕ್ಕೆ ತಲೆಯ ಹತ್ತಿರ, ಕೊನೆಯದಕ್ಕೆ ಬುಡದ ಹತ್ತಿರ. ಬಿಚ್ಚಿ, ಒಣಗಿಸಿ, ರಿಪೇರಿ ಮಾಡಿ ಮತ್ತೆ ಜೋಡಿಸುವಾಗ ಗೆರೆ ಕೂಡಿಕೊಂಡರೆ ಪುಸ್ತಕ ಸರಿಯಾಗಿದೆ ಅಂತ ಅರ್ಥ. ಓದಲು ಬರಬೇಕು ಅಂತೇನಿಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನು ಸಂಸ್ಕೃತದ ಪುಸ್ತಕ, ವಕೀಲರ ಪುಸ್ತಕ, ಡಾಕ್ಟರ ಪುಸ್ತಕ ಎಲ್ಲಾ ಆ ಗೆರೆ ನಂಬಿಕೊಂಡೇ ಕಟ್ಟಿದವನು. ಒಂದು ಹಾಳೆ ಹಿಂದುಮುಂದು ಆಗಿದೆ ಅಂತ ಯಾರೂ ಬಂದು ಜಗಳ ಆಡಿದ್ದಿಲ್ಲ.

ಆ ಗೆರೆ ನನಗೆ ಕೈಕೊಟ್ಟಿದ್ದು ಹೋದ ವರ್ಷ, ನಾನು ದೇಶ ಬಿಟ್ಟು ಬಂದು ನೆಲೆಸಿದ ಈ ಯೂನಿಯನ್ ಸಿಟಿಯಲ್ಲಿ.

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ನನ್ನ ಅಂಗಡಿ. ಥೀಸಿಸ್ ಬೈಂಡಿಂಗು, ಹಳೆ ಕುರಾನು, ಹಳೆ ಬೈಬಲ್ಲು, ಅಜ್ಜಿಯರ ಅಡುಗೆ ಪುಸ್ತಕ, ಬಂದದ್ದೆಲ್ಲ ಮಾಡುತ್ತೇನೆ. ಒಂದು ಮಧ್ಯಾಹ್ನ ಅರ್ಧ ಗಂಟೆ ದೂರದ ಸ್ಯಾನ್ ರಮೋನಿನಿಂದ ತಾಯಿ ಮಗಳು ಬಂದರು. ಕಪ್ಪು ಜನ, ಆದರೆ ಇಲ್ಲಿಯವರಲ್ಲ ಅಂತ ತಾಯಿ ಬಾಯಿ ತೆರೆದ ತಕ್ಷಣ ಗೊತ್ತಾಯಿತು. ಮಾತು ಲಂಡನ್ನಿನದು, ರಾಗ ಯಾವುದೋ ದ್ವೀಪದ್ದು. ಎಂಬತ್ತು ದಾಟಿದ ಮುದುಕಿ, ಒಂದು ಹಳೇ ಬಿಸ್ಕತ್ತಿನ ಡಬ್ಬಿಯನ್ನು ಎದೆಗೆ ಅವುಚಿಕೊಂಡಿದ್ದರು. ಮಗಳು ಇಸಿದುಕೊಳ್ಳಲು ಹೋದರೆ ಕೈ ತಟ್ಟಿದರು.

"ನೀನೇನಾ ಬೈಂಡರು?"

"ಹೌದು ಮೇಡಂ."

"ಮೇಡಂ ಬೇಡ. ನಿನಗಿಂತ ದೊಡ್ಡ ಮಕ್ಕಳಿದ್ದಾರೆ ನನಗೆ. ಕೈ ತೋರಿಸು."

ತೋರಿಸಿದೆ. ಗೋಂದು, ಸೂಜಿ, ಬ್ಲೇಡು ಎಲ್ಲದರ ಗುರುತೂ ಇರುವ ಕೈ. ನೋಡಿ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಅವತ್ತಿನಿಂದ ನಾನು ಅವರನ್ನು ಅಮ್ಮಾ ಅಂತಲೇ ಕರೆದೆ. ಅದರ ಅರ್ಥ ಅವರು ಕೇಳಲಿಲ್ಲ.

ಡಬ್ಬಿಯೊಳಗೆ ಒಂದು ಸಣ್ಣ ಪುಸ್ತಕ. ಮಗಳ ಗ್ಯಾರೇಜಿನಲ್ಲಿ ನೀರಿನ ಪೈಪು ಸೋರಿ ಒದ್ದೆಯಾಗಿತ್ತು. ರಟ್ಟು ಉಬ್ಬಿ, ಹಾಳೆಗಳು ಮೂಲೆಯಲ್ಲಿ ಒಂದಕ್ಕೊಂದು ಕಚ್ಚಿಕೊಂಡಿದ್ದವು.

"ಇದು ನಾವು ಅಚ್ಚು ಹಾಕಿದ ಮೊದಲನೇ ಪುಸ್ತಕ. ಉಳಿದಿರೋದು ಇದೊಂದೇ," ಅಂದರು.

ಅವರೂ ಅವರ ಗಂಡನೂ ಲಂಡನ್ನಿನಲ್ಲಿ ಅಡುಗೆಮನೆಯ ಮೇಜಿನ ಮೇಲೆ ಪ್ರಕಾಶನ ನಡೆಸಿದವರಂತೆ. ಹಗಲು ಅವರು ಬಟ್ಟೆ ಫ್ಯಾಕ್ಟರಿಯಲ್ಲಿ, ಗಂಡ ರೈಲ್ವೆಯಲ್ಲಿ. ಸಂಜೆ ಊಟದ ತಟ್ಟೆ ಎತ್ತಿದ ಮೇಲೆ ಟೈಪು, ಸೈಕ್ಲೋಸ್ಟೈಲು, ಮಡಿಸೋದು, ಹೊಲಿಯೋದು. ಕಪ್ಪು ಜನ ಬರೆದದ್ದನ್ನು ದೊಡ್ಡ ಕಂಪನಿಗಳು ಓದದೆ ವಾಪಸು ಕಳಿಸುತ್ತಿದ್ದ ಕಾಲ. ಆಮೇಲೆ ಸಣ್ಣ ಅಂಗಡಿಯನ್ನೂ ತೆರೆದರು. ಗಾಜಿಗೆ ಕಲ್ಲು ಬಿತ್ತು, ಬಾಗಿಲಿಗೆ ಗಲೀಜು ಮೆತ್ತಿದರು, ಇವರು ತೊಳೆದು ಮತ್ತೆ ತೆರೆದರು. ಚರ್ಚಿನ ಬಾಗಿಲಲ್ಲಿ, ಕೂದಲು ಕಟ್ಟುವ ಅಂಗಡಿಗಳಲ್ಲಿ ಮಾರಿದರು, ಮಗು ಕೂರಿಸುವ ತಳ್ಳುಗಾಡಿಯಲ್ಲಿ ಪುಸ್ತಕ ತುಂಬಿಕೊಂಡು ಬೀದಿ ಬೀದಿ ಮಾರಿದರು. ಮಗು ಎಲ್ಲಿ ಅಂತ ಕೇಳಿದೆ. "ಸೊಂಟದ ಮೇಲೆ. ಗಾಡಿ ಪುಸ್ತಕಕ್ಕೆ," ಅಂದರು. ಆ ಮಗು ಈಗ ಐವತ್ತು ದಾಟಿ ಪಕ್ಕದಲ್ಲಿ ನಿಂತು ಫೋನು ನೋಡುತ್ತಿದ್ದಳು.

"ಇದೇನು ನಾವು ಕಂಡುಹಿಡಿದದ್ದಲ್ಲ," ಅಂದರು ಅಮ್ಮ. "ಇನ್ನೂರು ವರ್ಷದ ಹಿಂದೆ ಗುಲಾಮಗಿರಿಯಿಂದ ಬಿಡುಗಡೆಯಾದವರು ಲಂಡನ್ನಿನಲ್ಲಿ ತಮ್ಮ ಕಥೆ ತಾವೇ ಬರೆದು, ಪುಸ್ತಕಕ್ಕೆ ಮುಂಗಡ ಕೊಡುವವರನ್ನು ತಾವೇ ಹುಡುಕಿ, ಊರೂರು ತಿರುಗಿ ಮಾರಿದ್ದರು. ನಮ್ಮದು ಅದೇ ದಾರಿ."

ಪುಸ್ತಕ ಬರೆದವಳು ದ್ವೀಪದಿಂದ ಹಡಗಿನಲ್ಲಿ ಬಂದು ಲಂಡನ್ನಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಬರೆದದ್ದು ಇದೊಂದೇ ಪುಸ್ತಕ, ಪದ್ಯದ್ದು. ಈಗ ಅವಳಿಲ್ಲ. ಓಕ್‌ಲ್ಯಾಂಡಿನ ಒಂದು ಸಣ್ಣ ಪ್ರಕಾಶನದವರು ಮರುಮುದ್ರಣ ಮಾಡುತ್ತೇವೆ ಅಂದಿದ್ದರು. ಸೋಮವಾರ ಆ ಪ್ರಕಾಶನದ ಹುಡುಗಿಯೊಬ್ಬಳು ನನ್ನ ಅಂಗಡಿಗೆ ಬಂದು ಒಂದೊಂದೇ ಪುಟ ಸ್ಕ್ಯಾನ್ ಮಾಡಿಕೊಳ್ಳಬೇಕು.

"ಬೆನ್ನು ಕತ್ತರಿಸಿಬಿಟ್ಟರೆ ಸ್ಕ್ಯಾನಿಂಗು ಬೇಗ ಆಗುತ್ತಲ್ಲವಾ?" ಅಂದಳು ಮಗಳು.

ತಾಯಿ ಅವಳನ್ನು ನೋಡಿದ ನೋಟಕ್ಕೆ ನಾನೇ ಹೆದರಿದೆ. "ಕತ್ತರಿಸೋದು ಬೇಡ," ಅಂದೆ. "ಹೊಲಿಗೆ ಬಿಚ್ಚುತ್ತೇನೆ. ಒಣಗಿಸಿ, ಹಾಳೆ ಬಿಡಿಸಿ, ಸ್ಕ್ಯಾನ್ ಆದ ಮೇಲೆ ಇದ್ದ ಹಾಗೇ ಕಟ್ಟಿಕೊಡುತ್ತೇನೆ. ನನ್ನ ಕೈಗೆ ಬಂತಲ್ಲ, ನೀವು ಯೋಚನೆ ಮಾಡಬೇಡಿ ಅಮ್ಮಾ."

ಹಾಗಂದದ್ದು ನಾನೇ. ಆಮೇಲೆ ಎಷ್ಟು ಸಲ ನೆನಪಾಯಿತೋ.

ಮರುದಿನ ಗೆರೆ ಎಳೆದೆ. ಬೆನ್ನಿನ ಮೇಲೆ ಅವರ ಕಾಲದ ದಪ್ಪ ಅಂಟು ಬೆಲ್ಲದ ಪಾಕದಂತೆ ಗಟ್ಟಿಯಾಗಿ ಕೂತಿತ್ತು. ಅದರ ಮೇಲೇ ಎಳೆದೆ. ಮೈದಾ ಗೋಂದು ಹಚ್ಚಿ ನೆನೆಸಿಟ್ಟೆ, ಅಂಟು ಸಿಪ್ಪೆಯ ಹಾಗೆ ಒಂದೇ ಸಮ ಎದ್ದು ಬಂತು. ಇಷ್ಟು ಸಲೀಸಾಗಿ ಬಂತಲ್ಲ ಅಂತ ಖುಷಿಯಾಗಿ ಕಸದ ಬುಟ್ಟಿಗೆ ಹಾಕಿದೆ. ನೂಲು ಬಿಡಿಸಿ, ಫಾರಂಗಳನ್ನು ಜಾಲರಿಯ ಮೇಲೆ ಜಾಗ ಸಿಕ್ಕಲ್ಲಿ ಹರಡಿದೆ. ಗೆರೆ ಇದೆಯಲ್ಲ ಅನ್ನುವ ಧೈರ್ಯ. ಸ್ವಲ್ಪ ಹೊತ್ತಿಗೊಮ್ಮೆ ತಿರುವಿ ಹಾಕಿದೆ, ಹೆಚ್ಚು ಒದ್ದೆ ಇದ್ದದ್ದನ್ನು ಕಿಟಕಿಯ ಕಡೆ ಸರಿಸಿದೆ.

ಗುರುವಾರ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದು ಜೋಡಿಸಲು ಕೂತೆ. ಕೈಗೆ ಸಿಕ್ಕ ಒಂದು ಫಾರಂ ತಗೊಂಡು ಬೆನ್ನು ನೋಡಿದೆ. ಚುಕ್ಕೆ ಇಲ್ಲ. ಇನ್ನೊಂದು ನೋಡಿದೆ, ಇಲ್ಲ. ಕನ್ನಡಕ ಒರೆಸಿಕೊಂಡು ನೋಡಿದೆ. ಗೆರೆ ಅಂಟಿನ ಮೇಲಿತ್ತು, ಕಾಗದದ ಮೇಲೆ ಇಳಿದೇ ಇರಲಿಲ್ಲ. ಅಂಟಿನ ಜೊತೆಗೇ ಎದ್ದು ಹೋಗಿತ್ತು.

ಆದರೂ ಎದೆ ಹಾರಲಿಲ್ಲ. ಪುಟದ ನಂಬರು ನೋಡಿ ಜೋಡಿಸಿದರಾಯಿತು ಅಂದುಕೊಂಡು ತೆರೆದೆ. ನಂಬರಿಲ್ಲ. ಮೇಲೆ ಇಲ್ಲ, ಕೆಳಗೆ ಇಲ್ಲ, ಯಾವ ಹಾಳೆಯಲ್ಲೂ ಇಲ್ಲ. ಪದ್ಯಗಳಿಗೆ ತಲೆಬರಹವೂ ಇಲ್ಲ, ಉದ್ದಕ್ಕೂ ಒಂದೇ ಪದ್ಯ ಹರಿದ ಹಾಗೆ. ಆಗ ಕಸದ ಬುಟ್ಟಿಯ ಕಡೆ ಓಡಿದೆ.

ಕಸ ತೆಗೆದುಕೊಂಡು ಹೋಗುವವರು ಬೆಳಿಗ್ಗೆಯೇ ಬಂದು ಹೋಗಿದ್ದರು.

ಮನೆಗೆ ಹೋಗಿ ಊಟಕ್ಕೆ ಕೂತವನು ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದೆ. ನಮ್ಮ ಮನೆ ಮಾತು ಉರ್ದು, ಆದರೆ ನನ್ನನ್ನು ಬೈಯಬೇಕಾದಾಗ ನನ್ನ ಹೆಂಡತಿ ಕನ್ನಡಕ್ಕೆ ಬರುತ್ತಾಳೆ.

"ಏನ್ರೀ ಆಯ್ತು ನಿಮಗೆ? ಸಾರಿಗೆ ಉಪ್ಪು ಜಾಸ್ತಿ ಆದ್ರೆ ಹೇಳ್ರಿ."

ಹೇಳಿದೆ.

"ಆ ಅಜ್ಜಿನೇ ಕೇಳಿ ಮತ್ತೆ."

"ನನ್ನ ಕೈಗೆ ಬಂತು, ಯೋಚನೆ ಮಾಡಬೇಡಿ ಅಂತ ಹೇಳಿದ್ದೀನಿ ಕಣೆ."

"ಓಹೋ. ನಿಮ್ಮ ಮಾತು ಉಳೀಬೇಕೋ ಅವರ ಪುಸ್ತಕ ಉಳೀಬೇಕೋ?"

ತಟ್ಟೆ ಎತ್ತಿಕೊಂಡು ಎದ್ದೆ. ಶುಕ್ರವಾರ ಅಂಗಡಿಯ ಬಾಗಿಲಿಗೆ ಬೋರ್ಡು ತಿರುಗಿಸಿ, ಓದಿ ಜೋಡಿಸಲು ಕೂತೆ. ನನ್ನ ಇಂಗ್ಲಿಷು ಬಿಲ್ಲು ಬರೆಯುವಷ್ಟು, ಬ್ಯಾಂಕಿನಲ್ಲಿ ಮಾತಾಡುವಷ್ಟು. ಇದು ಪದ್ಯ, ಅದೂ ಅವರ ದ್ವೀಪದ ಮಾತು ಕಲಸಿದ್ದು. ಆದರೂ ಬೆರಳಿಟ್ಟು ಓದಿದೆ. ಒಂದು ಫಾರಂನಲ್ಲಿ ಹಡಗು, ಸಮುದ್ರ, ವಾಂತಿ, ಬಂದರಿನ ಚಳಿ. ಹಡಗು ಮೊದಲು ತಾನೆ? ಅದನ್ನು ಮೊದಲಿಟ್ಟೆ. ಮಿಕ್ಕಿದ್ದರಲ್ಲೆಲ್ಲ ಆಸ್ಪತ್ರೆ, ಬಾಡಿಗೆ ಕೋಣೆ, ತಾಯಿಗೆ ಕಾಗದ, ಮತ್ತೆ ಆಸ್ಪತ್ರೆ. ಯಾವುದು ಮುಂಚೆ, ಯಾವುದು ಆಮೇಲೆ? ಸತ್ತವಳ ಬಾಯಿಂದ ಬಂದ ಮಾತು, ನಾನು ನನ್ನ ಅಂದಾಜಿಗೆ ಇಟ್ಟರೆ ಮುಂದೆ ಓದುವವರಿಗೆಲ್ಲ ಅದೇ ನಿಜ ಆಗಿಬಿಡುತ್ತದೆ. ಜೋಡಿಸಿದೆ, ಕೆಡಿಸಿದೆ, ಮತ್ತೆ ಜೋಡಿಸಿದೆ. ಉಸ್ತಾದರು ಹೇಳುತ್ತಿದ್ದರು, ಬಂದ ಕ್ರಮದಲ್ಲೇ ವಾಪಸು ಹೋಗಬೇಕು, ಹಿಂದುಮುಂದು ಮಾಡಲು ಬೈಂಡರಿಗೆ ಹಕ್ಕಿಲ್ಲ ಅಂತ.

ಶನಿವಾರ ಬೆಳಿಗ್ಗೆ ಫಾರಂಗಳನ್ನು ಚಪ್ಪಟೆ ಡಬ್ಬದಲ್ಲಿಟ್ಟು ಕಾರಿನ ಪಕ್ಕದ ಸೀಟಿಗೆ ಬೆಲ್ಟು ಹಾಕಿ ಕೂರಿಸಿದೆ. ಆರುನೂರ ಎಂಬತ್ತನೇ ನಂಬರಿನ ಫ್ರೀವೇಯಲ್ಲಿ ಅಷ್ಟು ನಿಧಾನವಾಗಿ ನಾನು ಯಾವತ್ತೂ ಹೋದವನಲ್ಲ. ಹಿಂದಿನವರು ಹಾರ್ನು ಹೊಡೆದರು. ಏನು ಹೇಳಬೇಕು ಅಂತ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋದೆ. ಅಮ್ಮನೇ ಬಂದು ಬಾಗಿಲು ತೆರೆದಾಗ ಎಲ್ಲಾ ಮರೆಯಿತು.

"ಅಮ್ಮಾ, ಪುಸ್ತಕ ಒಣಗಿದೆ. ಒಂದು ಹಾಳೆಯೂ ಹರಿದಿಲ್ಲ. ಆದರೆ ಯಾವುದರ ಹಿಂದೆ ಯಾವುದು ಅಂತ ನನಗೆ ಗೊತ್ತಾಗುತ್ತಿಲ್ಲ."

ಅವರು ಒಳಗೆ ಹೋಗಿ ಕುರ್ಚಿಯಲ್ಲಿ ಕೂತರು. ಮಹಡಿಯ ಮೇಲೆ ಮಗಳು ಫೋನಿನಲ್ಲಿ ಯಾರ ಜೊತೆಗೋ ಮಾತಾಡುವುದು ಕೇಳುತ್ತಿತ್ತು. ಇವರು ನನ್ನನ್ನು ಹೊರಗೆ ಹಾಕುತ್ತಾರೆ ಅಂದುಕೊಂಡೆ.

"ನಂಬರು ಹಾಕಲಿಲ್ಲ ನಾವು," ಅಂದರು ಕೊನೆಗೆ. "ಬರೆದವಳು ಕೊನೇ ಗಳಿಗೆವರೆಗೂ ಇದು ಅಲ್ಲಿ, ಅದು ಇಲ್ಲಿ ಅಂತ ಬದಲಾಯಿಸ್ತಾ ಇದ್ದಳು. ನಂಬರು ಕೊನೆಗೆ ಹಾಕೋಣ ಅಂದ ನನ್ನ ಗಂಡ. ಕೊನೆಗೆ ಮರೆತ. ಓದು."

"ನಾನಾ?"

"ನನ್ನ ಕಣ್ಣಿಗೆ ಈ ಅಕ್ಷರ ಕಾಣಲ್ಲ ಮಗನೇ. ಮಗಳು ಓದಿದರೆ ಆಫೀಸಿನ ರಿಪೋರ್ಟು ಓದಿದ ಹಾಗಿರುತ್ತೆ. ನೀನೇ ಓದು."

ಪ್ರತಿ ಫಾರಂನ ಮೊದಲ ಸಾಲುಗಳನ್ನು ಓದಿದೆ. ನನ್ನ ಇಂಗ್ಲಿಷು ಕೇಳಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ದೇವರೇ, ಅವಳ ಪದ್ಯಾನ ಕಲ್ಲಿನ ಮೇಲೆ ಬಟ್ಟೆ ಒಗೆದ ಹಾಗೆ ಒಗೀತಿದ್ದೀಯಲ್ಲ!" ಅಂದರು. ನಾನು ನಾಚಿ ನಿಲ್ಲಿಸಿದೆ. "ನಿಲ್ಲಿಸಬೇಡ. ಒಗೆ, ಒಗೆ." ಮತ್ತೆ ಓದಿದೆ. ಮೂರನೇ ಸಾಲಿಗೆ ಅವರು ಕಣ್ಣು ಮುಚ್ಚಿ ಮುಂದಿನ ಸಾಲು ತಾವೇ ಹೇಳತೊಡಗಿದರು. ಹೇಳುತ್ತಾ ಹೋಗಿ ಫಾರಂ ಮುಗಿದಲ್ಲಿಗೆ ಮುಗಿಯದೆ ಮುಂದಕ್ಕೂ ಹೋದರು. ನಾನು ಗಡಿಬಿಡಿಯಲ್ಲಿ ಮಿಕ್ಕ ಫಾರಂಗಳನ್ನು ತಿರುವಿ ಆ ಮಾತು ಎಲ್ಲಿ ಶುರುವಾಗುತ್ತದೆ ಅಂತ ಹುಡುಕಿದೆ. ಸಿಕ್ಕಿತು! ಅದನ್ನು ಇದರ ಕೆಳಗಿಟ್ಟೆ. ಹಾಗೆ ಒಂದೊಂದೇ ಕೂಡಿಕೊಂಡವು. ಒಂದು ಕಡೆ ಅವರು ತಡವರಿಸಿದರು, ಕೈಯಲ್ಲಿ ಗಾಳಿಯನ್ನು ಹುಡುಕಿದರು. ಆಮೇಲೆ ಸಾಲು ಬಂತು.

ಮಗಳು ಮೆಟ್ಟಿಲ ಮೇಲಿಂದ ಬಗ್ಗಿ ನೋಡಿ, "ಯಾರ ಮೇಲೆ ಕೂಗ್ತಿದ್ದೀಯ ಮಮ್ಮಿ? ನಾನು ಮೀಟಿಂಗಲ್ಲಿದ್ದೀನಿ," ಅಂದಳು.

"ನಾನೂ ಮೀಟಿಂಗಲ್ಲಿದ್ದೀನಿ, ಹೋಗು."

ಹಡಗಿನ ಫಾರಂ ಒಂದು ಉಳಿಯಿತು. "ಇದು ಮೊದಲು ಅಲ್ಲವಾ ಅಮ್ಮಾ? ನಾನು ಮೊದಲಿಟ್ಟಿದ್ದೆ," ಅಂದೆ.

ಅವರ ನಗು ನಿಂತಿತು. "ಅವಳು ಬರೆದಿದ್ದು ಮೊದಲಿಗೇ, ಪುಸ್ತಕದಲ್ಲಿ ಮಾತ್ರ ಅದು ಮೊದಲಿರಲಿಲ್ಲ. ಆಸ್ಪತ್ರೆಯದು ಎರಡು ಆದ ಮೇಲೆ ಇತ್ತು. ಮಡಿಸಿ ಸಾಲಾಗಿ ಇಡುವಾಗ ತಪ್ಪಿದ್ದು. ಒಂದು ಪ್ರತಿಯಲ್ಲಲ್ಲ, ಎಲ್ಲದರಲ್ಲೂ. ಅವಳು ಮೊದಲನೇ ಪ್ರತಿ ತೆರೆದು ನೋಡಿ ಏನಂದಳು ಗೊತ್ತಾ? ನನ್ನನ್ನ ಹಡಗಿನಿಂದ ಇಳಿಸೋಕೆ ಮುಂಚೇನೇ ಕೆಲಸಕ್ಕೆ ಹಚ್ಚಿಬಿಟ್ರಲ್ಲ, ಬಿಳಿಯರಾದರೂ ಒಂದು ದಿನ ಬಿಟ್ಟಿದ್ದರು ಅಂದಳು. ಹೊರಟು ಹೋದಳು. ಇನ್ನೊಂದು ಪುಸ್ತಕ ನಮಗೂ ಕೊಡಲಿಲ್ಲ, ಯಾರಿಗೂ ಕೊಡಲಿಲ್ಲ."

ನಾನು ಹಡಗಿನ ಫಾರಂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಇದ್ದ ಹಾಗೇ ಕಟ್ಟಿಕೊಡುತ್ತೇನೆ ಅಂದವನು ನಾನು. ಇದ್ದ ಹಾಗೆ ಅಂದರೆ ತಪ್ಪಿದ ಹಾಗೆ.

"ಎಲ್ಲಿಡಲಿ ಅಮ್ಮಾ?"

"ನಿನ್ನ ಕಸುಬು ಏನು ಹೇಳುತ್ತೆ?"

"ಬಂದ ಕ್ರಮದಲ್ಲೇ ವಾಪಸು ಅನ್ನುತ್ತೆ."

"ನಾನು ಬೈಂಡರಲ್ಲ. ನಾನು ಪಬ್ಲಿಷರು," ಅಂದರು. ಎದೆ ಸೆಟೆದು ಕೂತರು, ಅಂಗಡಿಯ ಗಾಜು ಒಡೆದ ಬೆಳಿಗ್ಗೆಯೂ ಹೀಗೇ ಕೂತಿದ್ದರೇನೋ. "ಮೊದಲಿಡು. ಅವಳು ಇಳಿದುಕೊಳ್ಳಲಿ."

ಇಟ್ಟೆ. ಇಟ್ಟ ಮೇಲೂ ನನಗೆ ಸಮಾಧಾನವಿಲ್ಲ. ಇವರ ನೆನಪು ಇನ್ನೊಂದು ಕಡೆ ತಪ್ಪಿದ್ದರೆ? ತಡವರಿಸಿದ ಆ ಜಾಗದಲ್ಲಿ? ಅಲ್ಲಿಂದ ಮತ್ತೆ ಓದುತ್ತೇನೆ ಅಂದೆ. ಅವರು ಬೇಸರಪಡದೆ ಮತ್ತೆ ಕೇಳಿದರು, ಸಾಲು ಹಾಗೇ ಕೂಡಿಕೊಂಡಿತು. ಆಗ ಜೇಬಿನಿಂದ ಪೆನ್ಸಿಲ್ ತೆಗೆದೆ. ಫಾರಂಗಳನ್ನು ಒತ್ತಿ ಹಿಡಿದು, ಬರಿ ಕಾಗದದ ಬೆನ್ನನ್ನು ಅವರ ಕಡೆ ತಿರುಗಿಸಿ, ಗೆರೆ ಎಳೆಯುವುದನ್ನು ತೋರಿಸಿದೆ.

"ನೀವೇ ಎಳೆಯಿರಿ."

"ಕೈ ನಡುಗುತ್ತೆ."

"ನಡುಗಲಿ. ಕಾಗದಕ್ಕೆ ತಾಗಿದರೆ ಸಾಕು."

ಎಳೆದರು. ನಡುವೆ ಒಂದು ಕಡೆ ಪೆನ್ಸಿಲ್ ಜಾರಿ, ಮತ್ತೆ ದಾರಿಗೆ ಬಂದು ಬುಡ ಮುಟ್ಟಿತು. ನೋಡಿ, "ಸೊಟ್ಟ ಆಯ್ತು," ಅಂದರು.

"ಎಲ್ಲಾ ಫಾರಂ ಮೇಲೂ ಬಿದ್ದಿದೆ ಅಮ್ಮಾ."

"ಹೊಸ ಪ್ರತಿಗೆ ನಂಬರು ಹಾಕಬೇಕು ಅಂತ ಓಕ್‌ಲ್ಯಾಂಡಿನವರಿಗೆ ಹೇಳು. ಇನ್ನೊಬ್ಬ ಬೈಂಡರ್ ನಿನ್ನ ಹಾಗೆ ಬಿಳಿಚಿಕೊಂಡು ನನ್ನ ಮನೆ ಬಾಗಿಲಿಗೆ ಬರೋದು ಬೇಡ."

ಸೋಮವಾರ ಸ್ಕ್ಯಾನ್ ಆಯಿತು. ಮಂಗಳವಾರ ಹೊಲಿಯಲು ಕೂತೆ, ಅವರು ಬಳಸಿದಷ್ಟೇ ದಪ್ಪದ ನೂಲಿನಲ್ಲಿ. ಒಂದೊಂದು ಫಾರಂ ಏರಿಸುವಾಗಲೂ ಬೆನ್ನು ತಿರುಗಿಸಿ ಆ ಸೊಟ್ಟ ಗೆರೆ ನೋಡಿಕೊಂಡೆ, ಹಡಗಿನಿಂದ ಕೊನೆಯವರೆಗೆ. ಕೂಡಿಕೊಂಡಿತ್ತು. ಅದರ ಮೇಲೆ ಅಂಟು ಹಚ್ಚುವ ಮುಂಚೆ ಇನ್ನೊಂದು ಸಲ ನೋಡಿದೆ.