ಚೋಕ್ ಎಳೆಯುವವಳು

ಅಣ್ಣನ ಟ್ರ್ಯಾಕ್ಟರು ಅವಳಿಗಿಂತ ಹಳೆಯದು. ಸೆಲ್ಫ್ ಕೆಟ್ಟು ಎಷ್ಟೋ ಕಾಲವಾಗಿ, ಬ್ಯಾಟರಿ ಇರಬೇಕಾದ ಪೆಟ್ಟಿಗೆಯಲ್ಲಿ ಈಗ ಸ್ಪ್ಯಾನರುಗಳಿದ್ದವು. ಒಬ್ಬರು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು, ಇನ್ನೊಬ್ಬರು ಮೇಲೆ ಕೂತು ಚೋಕಿನ ಗುಬಟನ್ನು, ಆ ಗುಂಡು ಹಿಡಿಯನ್ನು, ಎಳೆದು ಹಿಡಿಯಬೇಕು. ಗಂಡ ಸತ್ತು ತವರಿಗೆ ಬಂದ ಮಾರನೆಯ ಬೆಳಿಗ್ಗೆಯೇ ಆ ಇನ್ನೊಬ್ಬರು ಅವಳಾದಳು.

"ಗಂಟಲು ಹಿಸುಕೇ!" ಎಂದು ಅಣ್ಣ ಮುಂದಿನಿಂದ ಕೂಗುತ್ತಿದ್ದ. ಅವಳು ಎಳೆದರೆ ಗಾಳಿಯ ದಾರಿ ಕಟ್ಟಿ, ತಣ್ಣಗಿದ್ದ ಎಂಜಿನ್ನಿಗೆ ಪೆಟ್ರೋಲು ಹೆಚ್ಚು ಹೋಗುತ್ತಿತ್ತು. ಅದು ಕೆಮ್ಮಿ ಎದ್ದ ಕೂಡಲೇ, "ಬಿಡು, ಬಿಡು, ಇದನ್ನೂ ಸಾಯಿಸ್ತೀಯಾ?"

ಆ 'ಇದನ್ನೂ' ಬಾಯಿತಪ್ಪಿ ಬಂದ ಮಾತಲ್ಲ. ಅವಳ ಗಂಡ ಉಬ್ಬಸದವನು. ಕೊನೆಯ ದಿನ ಹಾಸಿಗೆಯಲ್ಲಿ ಎದ್ದು ಕೂತು, ಉಸಿರಿಗಾಗಿ ಅವಳ ಸೆರಗನ್ನೇ ಜಗ್ಗುತ್ತ ಹೋದವನು. ಅದನ್ನು ಕಣ್ಣಾರೆ ಕಂಡಿದ್ದ ಅಣ್ಣ, ಷೆಡ್ಡಿನ ಮುಂದೆ ಹಾಲಿನವನೋ ಗಾರೆಯವನೋ ನಿಂತಿದ್ದರೆ ಸಾಕು, "ಇವಳಿಗೆ ಗಂಟಲು ಹಿಸುಕೋದು ಹೇಳಿಕೊಡಬೇಕಾ? ಗಂಡನ ಮೇಲೆ ಕೈ ಪಳಗಿಸಿಕೊಂಡೇ ಬಂದಿದ್ದಾಳೆ," ಎನ್ನುತ್ತಿದ್ದ. ಅವರು ನಗುತ್ತಿದ್ದರು. ಅತ್ತಿಗೆ ಕೆಲವು ದಿನ ತುಟಿ ಕಚ್ಚಿಕೊಂಡಳು. ಆಮೇಲೆ ಅವಳೂ ನಕ್ಕಳು. ಬೀದಿಯಲ್ಲಿ ನಾದಿನಿಗೆ ಹಿಸುಕವ್ವ ಎಂದೇ ಹೆಸರು ನಿಂತಿತು.

ಅನ್ನ ಹಾಕುವವನ ಎದುರು ಅವಳಿಗೆ ಬಾಯಿ ಎಲ್ಲಿಂದ ಬರಬೇಕು? ಕಿವಿಯನ್ನು ಮಾತ್ರ ಎಂಜಿನ್ನಿಗೆ ಕೊಟ್ಟು ಕೂರುತ್ತಿದ್ದಳು. ಸದ್ದು ಒಡೆದು ಒಡೆದು ಬಂದರೆ ಗುಬಟು ಅರ್ಧ ಒಳಗೆ. ಒಂದೇ ಸಮನಾದರೆ ಪೂರ್ತಿ ಒಳಗೆ. ಅವಸರ ಮಾಡಿದರೆ ನಿಂತುಹೋಗುತ್ತದೆ, ಮರೆತರೆ ಕರಿ ಹೊಗೆ ಕಾರುತ್ತದೆ. ಬರಬರುತ್ತ ಅಣ್ಣ ಕೂಗುವ ಮೊದಲೇ ಅವಳ ಬೆರಳು ಕೆಲಸ ಮುಗಿಸಿರುತ್ತಿತ್ತು. ಅವನಿಗೆ ಅದೂ ಸಿಟ್ಟು.

ಒಂದು ಚಳಿಯ ಬೆಳಿಗ್ಗೆ ಅತ್ತಿಗೆಯೊಡನೆ ಜಗಳವಾಡಿ ಬಂದವನು ಹ್ಯಾಂಡಲನ್ನು ಹೆಬ್ಬೆರಳು ಸುತ್ತಿ ಬಿಗಿಯಾಗಿ ಹಿಡಿದು ತಿರುಗಿಸಿದ. ಎಂಜಿನ್ ಹ್ಯಾಂಡಲನ್ನು ಹಿಂದಕ್ಕೆ ಒದೆಯಿತು. ಕೈ ಬಿಡಿಸಿಕೊಳ್ಳಲಾಗದೆ ಮಣಿಕಟ್ಟು ಮುರಿಯಿತು. ಅವಳು ಇಳಿದು ಓಡಿಬಂದಾಗ, ಮಣ್ಣಿನಲ್ಲಿ ಬಿದ್ದಿದ್ದವನು ಎಡಗೈಯಿಂದ ಅವಳ ಕೆನ್ನೆಗೆ ಬಾರಿಸಿದ. "ಬೇಕಂತಲೇ ಮಾಡಿದೆಯಲ್ಲೇ, ಮುಂಡೆ!"

ಉಳುವ ಕಾಲ. ಬಾಡಿಗೆಗೆ ಬಂದ ಡ್ರೈವರು ಹ್ಯಾಂಡಲ್ ನೋಡಿಯೇ ಹಿಂದಿರುಗಿದ. ಕೊನೆಗೆ ಅವಳೇ ಗುಬಟನ್ನು ಎಳೆದು, ಜಾರದಂತೆ ಬಟ್ಟೆಯ ಕ್ಲಿಪ್ ಸಿಕ್ಕಿಸಿ, ಮುಂದೆ ಹೋಗಿ ಹೆಬ್ಬೆರಳು ಮಡಿಸದೆ ಹ್ಯಾಂಡಲನ್ನು ಮೇಲಕ್ಕೆಳೆದಳು. ಎಂಜಿನ್ ಎದ್ದಿತು. ಓಡಿ ಹತ್ತಿ ಕ್ಲಿಪ್ ಕಿತ್ತಳು. ಅಣ್ಣ ಓಡಿಸುವುದನ್ನು ದಿನವೂ ನೋಡಿದ್ದ ನೆನಪಿನಲ್ಲೇ ಹೊಲ ಪೂರ್ತಿ ಉತ್ತಳು. ಬದುವಿನ ಮೇಲೆ ನಿಂತವರು ಕೂಗಿ ನಕ್ಕರು. ಸದ್ದಿನಲ್ಲಿ ಒಂದೂ ಕೇಳಿಸಲಿಲ್ಲ. ಗಂಡ ಹೋದಮೇಲೆ ಅವಳು ಹೊಟ್ಟೆ ತುಂಬ ಉಂಡದ್ದು ಆ ದಿನಗಳಲ್ಲೇ.

ಅಣ್ಣ ಕಿಟಕಿಯಿಂದ ನೋಡುತ್ತಲೇ ಇದ್ದ. ಕೈ ಕೂಡಿದ ಕೂಡಲೇ ಮೆಕ್ಯಾನಿಕ್‌ನನ್ನು ಕರೆಸಿ, ಚೋಕಿಗೆ ತಂತಿಯೊಂದನ್ನು ಕಟ್ಟಿಸಿ, ರೇಡಿಯೇಟರಿನ ಪಕ್ಕದಿಂದ ಮುಂದಕ್ಕೆ ತೆಗೆಸಿದ. ಈಗ ಒಂದು ಕೈ ತಂತಿಗೆ, ಒಂದು ಕೈ ಹ್ಯಾಂಡಲಿಗೆ. ಹಳೆಯ ಗುಬಟನ್ನು ಕಿತ್ತು ಅವಳ ಕಾಲಬುಡಕ್ಕೆ ಎಸೆದು ಹೇಳಿದ: "ತಗೋ. ಇನ್ನು ನಿನ್ನ ಗಂಟು ಕಟ್ಟು."

"ಎಲ್ಲಿಗೆ ಹೋಗಲಣ್ಣ?"

"ಪಕ್ಕದ ಮನೆ ಸೂಲಗಿತ್ತಿ ಮುದುಕಿ ಹಾಸಿಗೆ ಹಿಡಿದಿದ್ದಾಳೆ. ಹೇಲು ಉಚ್ಚೆ ಬಾಚೋಕೆ ಜನ ಬೇಕಂತೆ. ಮಾತಾಡಿದ್ದೀನಿ."

ಅತ್ತಿಗೆ ಅವಳ ಟ್ರಂಕನ್ನು ಆಗಲೇ ಜಗಲಿಗೆ ತಂದಿಟ್ಟಿದ್ದಳು.

ಮುದುಕಿಯ ಕೋಣೆಯ ಕಿಟಕಿಗೆ ಅಣ್ಣನ ಅಂಗಳ ಪೂರ್ತಿ ಕಾಣುತ್ತಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ತಂತಿಗೆ ತುಕ್ಕು ಹಿಡಿಯಿತು. ಎಳೆದರೆ ಬರುತ್ತಿತ್ತು, ಹಿಂದಕ್ಕೆ ಪೂರ್ತಿ ಹೋಗುತ್ತಿರಲಿಲ್ಲ. ಅರ್ಧ ಚೋಕಿನಲ್ಲೇ ಅವನು ದಿನವಿಡೀ ಉಳುತ್ತಿದ್ದ. ಹೊಗೆ ಕಾಡಿಗೆಯಂತೆ ಕರ್ರಗೆ ಬರುತ್ತಿತ್ತು. ಉರಿಯದ ಪೆಟ್ರೋಲು ಒಳಗೆ ಇಳಿದು ಆಯಿಲನ್ನು ನೀರು ಮಾಡುತ್ತಿದೆ, ಇನ್ನು ಸ್ವಲ್ಪ ದಿನಕ್ಕೆ ಪಿಸ್ಟನ್ ಕಚ್ಚಿಕೊಂಡು ಎಂಜಿನ್ ಸತ್ತೇ ಹೋಗುತ್ತದೆ ಎಂದು ಅವಳಿಗೆ ಅನ್ನಿಸಿತ್ತು. ಗೋಡೆಯಾಚೆಯಿಂದ ಒಂದು ಮಾತು ಹೇಳಬಹುದಿತ್ತು. ಅತ್ತಿಗೆ ಒಮ್ಮೆ ಬಟ್ಟೆ ಒಣಹಾಕುತ್ತ, "ಯಾಕೆ ಹೀಗೆ ಹೊಗೆ ಬಿಡ್ತಿದೆ, ನಿಂಗೇನಾದ್ರೂ ಗೊತ್ತಾ?" ಎಂದು ಕೇಳಿಯೂ ಕೇಳಿದ್ದಳು.

"ನಂಗೇನು ಗೊತ್ತು ಅತ್ತಿಗೆ?" ಎಂದು ಅವಳು ಕಿಟಕಿ ಹಾಕಿಕೊಂಡಳು.

ಹೊಲದ ನಡುವೆಯೇ ಎಂಜಿನ್ ಕಚ್ಚಿಕೊಂಡಿತು. ಗುಜರಿಯವರು ಅದನ್ನು ಅಂಗಳಕ್ಕೆ ಎಳೆತಂದು, ಅಲ್ಲೇ ತುಂಡು ಮಾಡಿ ಲಾರಿಗೆ ಎಸೆಯತೊಡಗಿದರು. ಅಣ್ಣ ಜಗಲಿಯ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಸುತ್ತಿಗೆಯ ಏಟಿಗೆ ಗೋಡೆಯೇ ಅದುರುತ್ತಿತ್ತು.

"ಏನದು ಸದ್ದು?" ಮುದುಕಿ ಕೇಳಿದಳು.

"ಏನಿಲ್ಲ, ಬಾಯಿ ತೆಗೀರಿ," ಎಂದು ಅವಳು ಗಂಜಿಯ ಚಮಚವನ್ನು ಮುಂದೆ ಹಿಡಿದಳು.