ಅವ್ವನ ದೋಣಿ ಮತ್ತು ಎಂಟು ಮೋಟಾರಿನ ಜಾಗ

ನಮ್ಮ ಮನೆಯ ಮುಂದಿನ ಬಯಲಿನಲ್ಲಿ ಎಂಟು ಚೌಕಗಳಿದ್ದವು. ಬಯಲಿನಲ್ಲಲ್ಲ, ಸರಕಾರದವರು ಬರೆಸಿದ ನಕ್ಷೆಯಲ್ಲಿ. ಒಂದೊಂದು ಚೌಕದಲ್ಲಿ ಒಂದೊಂದು ಮೋಟಾರು ನಿಲ್ಲಬೇಕಂತೆ. ಎಪ್ಪತ್ತರ ದಶಕದ ನಡುವಿನ ಮಾತು ಇದು. ಆಗ ಬಾಗೇವಾಡಿಯಲ್ಲಿ ಡಾಕ್ಟರ ಕಾರು, ಸರಕಾರಿ ಜೀಪು, ಮದುವೆಗೆ ಬರುವ ಬಾಡಿಗೆ ಟ್ಯಾಕ್ಸಿ ಎಲ್ಲವನ್ನೂ ಒಟ್ಟಿಗೆ ತಂದು ನಿಲ್ಲಿಸಿದರೂ ಐದು ಚೌಕ ಖಾಲಿಯೇ ಉಳಿಯುತ್ತಿದ್ದವು.

ಚೌಕಗಳ ಹಿಂದೆ ಒಂದು ದೊಡ್ಡ ಕಟ್ಟಡ. ಸಕ್ಕರೆಯಿಂದ ಸೀರೆಯ ತನಕ ಎಲ್ಲವೂ ಸಿಗುವ ಸಹಕಾರಿ ಬಜಾರು. ಗಿರಾಕಿಗಳು ತಾವೇ ಒಳಗೆ ತಿರುಗಾಡಿ ಬೇಕಾದ್ದನ್ನು ಎತ್ತಿಕೊಳ್ಳಬೇಕಂತೆ. ಅಪ್ಪನದು ಕಿರಾಣಿ ಅಂಗಡಿ. ಮನೆಯ ಮುಂಭಾಗವೇ ಅಂಗಡಿ. ನಕ್ಷೆ ನೋಡಿ ಬಂದವನು ತಕ್ಕಡಿ ಒರೆಸುತ್ತಾ ಗೊಣಗಿದ.

"ಕೈಗೆ ಸಿಕ್ಕದ್ದು ಎತ್ಗೊಂಡು ಹೋಗೂದಕ್ಕ ಬಜಾರ ಅಂತಾರೇನ?"

ಅವ್ವ ಕೇಳಿದ್ದು ಒಂದೇ ಮಾತು. "ಚಕ್ಕಡಿ ಎಲ್ಲಿ ನಿಂದರಬೇಕಂತ?"

ಸಂತೆಗೆ ಬರುವ ಎತ್ತಿನ ಚಕ್ಕಡಿಗಳು ಊರಾಚೆ ಹೋಗಬೇಕಂತ ನಕ್ಷೆಯ ಮೂಲೆಯಲ್ಲಿ ಬರೆದಿತ್ತು.

ಅವ್ವ ಚಕ್ಕಡಿಯನ್ನೇ ಕೇಳಿದ್ದಕ್ಕೆ ಕಾರಣವಿತ್ತು. ಅವ್ವನ ತವರು ಇಂಗಳೇಶ್ವರ. ಹತ್ತಿರದ ಊರೇ, ಆದರೆ ಅವಳು ಅಲ್ಲಿಗೆ ಹೋಗುತ್ತಿದ್ದುದು ವರ್ಷಕ್ಕೊಮ್ಮೆ ನಾಗರ ಪಂಚಮಿಗೆ ಮಾತ್ರ. ಸಂತೆಯ ದಿನ ಮನೆಯ ಸೊಸೆ ಬಯಲು ದಾಟಿ ಬೀದಿಗೆ ಇಳಿಯಬಾರದು ಎಂಬುದು ನನ್ನ ಅಜ್ಜಿ ಮಾಡಿಟ್ಟ ಕಟ್ಟಳೆ. ಅಜ್ಜಿ ಹೋದರೂ ಕಟ್ಟಳೆ ಹೋಗಿರಲಿಲ್ಲ. ಆದರೆ ನಮ್ಮ ಸಂತೆಯಲ್ಲಿ ಒಂದೊಂದು ಹಳ್ಳಿಯ ಚಕ್ಕಡಿಗೆ ಒಂದೊಂದು ಜಾಗ, ಅಜ್ಜನ ಕಾಲದಿಂದ ನಡೆದುಬಂದದ್ದು. ಯಾರೂ ಬರೆದಿಟ್ಟಿರಲಿಲ್ಲ, ಯಾರೂ ತಪ್ಪುತ್ತಲೂ ಇರಲಿಲ್ಲ. ಇಂಗಳೇಶ್ವರದ ಚಕ್ಕಡಿಗಳು ಎತ್ತು ಬಿಚ್ಚುತ್ತಿದ್ದುದು ನಮ್ಮ ಮನೆಯ ಮುಂದೆ. ಹಾಗಾಗಿ ಅವ್ವ ತವರಿಗೆ ಹೋಗದಿದ್ದರೂ ವಾರಕ್ಕೊಮ್ಮೆ ತವರೇ ಅವ್ವನ ಹೊಸ್ತಿಲಿಗೆ ಬರುತ್ತಿತ್ತು. ಹೆಂಗಸರು ಬುತ್ತಿ ಗಂಟು ನಮ್ಮ ಪಡಸಾಲೆಯಲ್ಲಿಟ್ಟು ಸಂತೆಗೆ ಹೋಗುವರು. ತಿರುಗಿ ಬಂದು ಉಣ್ಣುತ್ತಾ ಯಾರ ಮನೆಯ ಆಕಳು ಈದಿದೆ, ಯಾರ ಮಗಳನ್ನು ನೋಡಲು ಬಂದಿದ್ದರು ಎಂದು ಪಿಸುಮಾತಿನಲ್ಲಿ ಹೇಳುವರು. ಪಿಸುಮಾತು ಯಾಕೆಂದರೆ ಗೋಡೆಯ ಆಚೆಯೇ ಅಂಗಡಿ, ಅಂಗಡಿಯಲ್ಲಿ ಅಪ್ಪ.

ಮನೆಯ ಮುಂದೆ ಒಂದು ಕಲ್ಲಿನ ದೋಣಿ ಇತ್ತು, ದನಕ್ಕೆ ನೀರು ಕುಡಿಸುವುದು. ಅವ್ವನ ಮದುವೆಯಾದ ಹೊಸತರಲ್ಲಿ ಅವಳ ಅಪ್ಪ ಸಂತೆಗೆ ಬಂದವನು, ಮಗಳ ಮನೆಯ ಮುಂದೆ ಎತ್ತಿಗೆ ನೀರಿನ ಆಸರೆ ಇಲ್ಲವೆಂದು ನೋಡಿ, ಮುಂದಿನ ವಾರವೇ ಚಕ್ಕಡಿಯಲ್ಲಿ ಅದನ್ನು ಹೇರಿಕೊಂಡು ಬಂದಿದ್ದನಂತೆ. ಸಂತೆಯ ದಿನ ಬೆಳಿಗ್ಗೆ ಅವ್ವ ಹಿತ್ತಲ ಬಾವಿಯಿಂದ ನೀರು ಸೇದಿ ಸೇದಿ ಅದನ್ನು ತುಂಬುತ್ತಿದ್ದಳು. ನಾವು ಕೈ ಹಾಕಿದರೆ ಬೈಯುತ್ತಿದ್ದಳು.

ನಾನು ಆಗ ಮ್ಯಾಟ್ರಿಕ್ ಮುಗಿಸಿ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದೆ. ನನ್ನ ಅಕ್ಷರ ಚೆಂದ ಎಂದು ಓಣಿಯವರೆಲ್ಲ ಸೇರಿ ತಕರಾರು ಅರ್ಜಿ ಬರೆಯುವ ಕೆಲಸ ನನಗೇ ಹಚ್ಚಿದರು. ನಾನೂ ಉಬ್ಬಿಹೋದೆ. "ಸಂತೆಯ ದಿನ ಸದರಿ ಬಯಲಿನಲ್ಲಿ ಚಕ್ಕಡಿಗಳು ಕಿಕ್ಕಿರಿದು ಕಾಲಿಡಲೂ ಸ್ಥಳವಿರುವುದಿಲ್ಲ" ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದೆ. ಅರ್ಜಿ ಕೆಲಸ ಮಾಡಿತು. ಸಂತೆಯ ದಿನವೇ ಬಿಜಾಪುರದಿಂದ ಸಾಹೇಬರು ಬಂದು ಕಣ್ಣಾರೆ ನೋಡುತ್ತಾರೆ ಎಂದು ತಿಳಿಸಿದರು. ಗೆದ್ದೆವು ಅಂದುಕೊಂಡೆ.

ಆ ದಿನ ಹೊಲಿಗೆ ಕ್ಲಾಸು ಮುಗಿಸಿ ಬರುತ್ತೇನೆ, ಬಯಲು ಬಣಬಣ. ಒಂದು ಚಕ್ಕಡಿ ಇಲ್ಲ. ಒಂದು ಸೆಗಣಿಯ ಗುರುತಿಲ್ಲ. ಇಡೀ ಬಯಲು ಗುಡಿಸಿ, ನೀರು ಚಿಮುಕಿಸಿ, ನಡುವೆ ಚಕ್ಕಡಿ ಗಾಲಿಯಷ್ಟು ದೊಡ್ಡ ರಂಗೋಲಿ. ಪಕ್ಕದ ಬಟ್ಟೆ ಅಂಗಡಿಯಿಂದ ತಂದ ಕುರ್ಚಿಗಳು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೈಯಲ್ಲಿ ಹಾರ ಹಿಡಿದು ನಿಂತಿದ್ದ.

"ಚಕ್ಕಡಿ ಎಲ್ಲಿ ಅವ್ವಾ?" ನನಗೆ ಪಿತ್ತ ನೆತ್ತಿಗೇರಿತ್ತು.

"ನಾನೇ ಕಳಿಸೀನಿ, ಊರಾಚಿ ಬಯಲಿಗೆ," ಅಂದಳು ಅವ್ವ, ಕೈಯಲ್ಲಿನ ರಂಗೋಲಿ ಪುಡಿ ಝಾಡಿಸುತ್ತಾ. "ದೊಡ್ಡ ಮನಷ್ಯಾರು ಬರೂ ಹಾದ್ಯಾಗ ಸೆಗಣಿ ಇರಬೇಕೇನ? ಮಂದಿ ಏನಂದಾರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಜೀಪು ಬಂತು. ಸಾಹೇಬರು ಒಳ್ಳೆಯವರು, ಮೆತ್ತಗಿನ ಮಾತು. ಹಾರ ಹಾಕಿಸಿಕೊಂಡರು, ಅವಲಕ್ಕಿ ತಿಂದರು, ಚಹಾ ಕುಡಿದರು, ಟೇಪು ಹಿಡಿಸಿ ಬಯಲು ಅಳೆದರು.

"ಜಾಗ ಭಾಳ ಸ್ವಚ್ಛ ಇಟ್ಟೀರಿ. ಖಾಲಿನೂ ಐತಿ."

"ಹಂಗಲ್ರೀ ಸಾಹೇಬ್ರ, ಸಂತಿ ದಿನ ಚಕ್ಕಡಿ ತುಂಬಿರ್ತಾವ್ರಿ," ಅಂದ ಅಪ್ಪ.

"ಇವತ್ತ ಸಂತಿ ಅಲ್ಲೇನ್ರಿ?"

"ಹೌದ್ರಿ," ಅಂದ ಅಪ್ಪ. ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

"ಬರೂ ಮುಂದ ನೋಡೀನಲ್ಲ, ಚಕ್ಕಡಿ ಎಲ್ಲಾ ಊರಾಚಿ ಬಯಲಾಗ ಆರಾಮ ನಿಂತಾವ." ಸಾಹೇಬರು ನಕ್ಷೆ ಮಡಚಿದರು. ಹೋಗುವಾಗ ಅವ್ವನ ಅವಲಕ್ಕಿಯನ್ನು ಬಾಯ್ತುಂಬ ಹೊಗಳಿದರು. ಅವರ ತಪ್ಪೇನೂ ಇಲ್ಲ. ನಾವು ತೋರಿಸಿದ್ದನ್ನು ಅವರು ನೋಡಿದರು, ಅಷ್ಟೇ.

ಅವತ್ತು ನಾನು ಅವ್ವನಿಗೆ ಬೈಯಬಾರದ್ದನ್ನೆಲ್ಲ ಬೈದೆ. ನಿನ್ನ ತವರಿನ ಹಾದಿಯನ್ನು ನಿನ್ನ ಕೈಯಾರೆ ಕಸಬರಿಗೆ ಹಿಡಿದು ಗುಡಿಸಿಬಿಟ್ಟೆ ಅಂದೆ. ಅವಳು ಸಾಹೇಬರು ಕುಡಿದ ಕಪ್ಪನ್ನು ತಿಕ್ಕುತ್ತಲೇ ಇದ್ದಳು. ಆ ಮಾತು ಆಡಬಾರದಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಕೆಲವೇ ತಿಂಗಳಲ್ಲಿ ಬಯಲಿಗೆ ತಂತಿ ಬೇಲಿ ಬಿತ್ತು, ಚಕ್ಕಡಿಗಳು ಊರಾಚೆ ಹೋದವು. ಅದಾದ ಮೊದಲ ಸಂತೆಯ ದಿನ ಅವ್ವ ಎಂದಿನಂತೆ ಎದ್ದು ದೋಣಿ ತುಂಬಿದಳು. ನಾನು ನೋಡುತ್ತಾ ನಿಂತೆ. ಅಂಚಿನ ತನಕ ನೀರು, ಕುಡಿಯುವವರಿಲ್ಲ. ಅವ್ವ ಕೆಲಸ ಮುಗಿಸಿ ಹೊಸ್ತಿಲ ಮೇಲೆ ಕೂತಳು. ಅಲ್ಲಿಂದ ಬೇಲಿ ಕಾಣುತ್ತಿತ್ತು, ಹಾದಿ ಕಾಣುತ್ತಿರಲಿಲ್ಲ. ಆದರೂ ಕೂತಳು.

ಮಧ್ಯಾಹ್ನ ಸೋದರಮಾವ, ಅವ್ವನ ತಮ್ಮ, ನಡೆದುಕೊಂಡು ಬಂದ. ಕೂಡ್ರು ಅಂದರೂ ಕೂಡ್ರಲಿಲ್ಲ.

"ಅಕ್ಕಾ, ದೊಡ್ಡದೊಂದು ಬೋಗುಣಿ ಇದ್ರ ಕೊಡು. ಅಲ್ಲಿ ಬಾವಿ ಐತಿ, ದೋಣಿ ಇಲ್ಲ. ಎತ್ತು ನೀರಡಿಸ್ಯಾವ."

ಅವ್ವ ಬೋಗುಣಿ ಕೊಟ್ಟಳು. ಅವನು ಹೋದ ಮೇಲೆ ತುಂಬಿದ ದೋಣಿಯನ್ನೇ ಬಹಳ ಹೊತ್ತು ನೋಡಿದಳು.

ಆ ವಾರವಿಡೀ ನಾನು ಇನ್ನೊಂದು ಅರ್ಜಿ ಬರೆದೆ. ನಾನು ಆಡಿದ ಮಾತಿಗೆ ಅದೇ ತಪ್ಪೊಪ್ಪಿಗೆ ಅಂದುಕೊಂಡಿದ್ದೆ. ಮೂರು ಸಲ ಹರಿದು ನಾಲ್ಕನೆಯ ಸಲ ತಿದ್ದಿ ಬರೆದೆ: ಚಕ್ಕಡಿಗಳನ್ನು ಮತ್ತೆ ಮನೆಯ ಮುಂದೆ ಬಿಡಬೇಕು. ಈ ಸಲ ಅವ್ವನ ಹೆಬ್ಬೆಟ್ಟೂ ಇರಲಿ ಎಂದು ಕೆಳಗೆ ಜಾಗ ಬಿಟ್ಟೆ.

ಮುಂದಿನ ಸಂತೆಯ ಬೆಳಿಗ್ಗೆ ನಾನು ಹೊಲಿಗೆ ಕ್ಲಾಸಿಗೆ ಹೊರಟಾಗ ಮನೆಯ ಮುಂದೆ ಮಾವನ ಚಕ್ಕಡಿ. ನಾಲ್ಕು ಮಂದಿ ಗಂಡಸರು ಹಾರೆ ಹಾಕಿ ದೋಣಿಯನ್ನು ಎಬ್ಬಿಸುತ್ತಿದ್ದರು. ಅಪ್ಪ ಅಂಗಡಿಯಿಂದ ಓಡಿಬಂದ.

"ಏ, ಅದು ನಮ್ಮ ಮನಿ ಮುಂದಿಂದು!"

"ನಮ್ಮಪ್ಪ ಎತ್ತಿಗೆ ಕೊಟ್ಟದ್ದು," ಅಂದಳು ಅವ್ವ. "ಎತ್ತು ಎಲ್ಲ್ಯಾವೋ ಅಲ್ಲಿರಲಿ."

ದೋಣಿ ಚಕ್ಕಡಿ ಏರಿತು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲೊಂದು ಬುತ್ತಿ ಗಂಟು ಹಿಡಿದು, ಗಾಲಿಯ ಮೇಲೆ ಕಾಲಿಟ್ಟು ತಾನೂ ಏರಿ ದೋಣಿಯ ಪಕ್ಕ ಕೂತಳು. ಅಪ್ಪ ಕಕ್ಕಾಬಿಕ್ಕಿಯಾದ.

"ನೀ ಎಲ್ಲಿಗೆ ಹೊಂಟಿ? ಇವತ್ತ ಸಂತಿ ಐತಿ!"

"ದೋಣಿಗೆ ನೀರು ಯಾರು ತುಂಬತಾರ? ರೊಟ್ಟಿ ಬುಟ್ಟ್ಯಾಗ ಅದಾವ. ಹಾಕ್ಕೊಂಡು ಉಣ್ರಿ."

ನನ್ನ ಅಜ್ಜಿಯ ಕಟ್ಟಳೆ ನಡುಬೀದಿಯಲ್ಲಿ, ಹಾಡಹಗಲೇ, ಸಂತೆಯ ಮಂದಿಯೆಲ್ಲ ನೋಡುತ್ತಿದ್ದಂತೆ ಮುರಿದುಬಿತ್ತು. ಎತ್ತಿಗೆ ನೀರು ಕೊಡಲು ಹೊರಟವಳಿಗೆ ಯಾರು ಏನು ಅಂದಾರು?

ಮಧ್ಯಾಹ್ನ ಅರ್ಜಿ, ಶಾಯಿ ಎರಡನ್ನೂ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಳ್ಳಲು ನಾನು ಊರಾಚೆಯ ಬಯಲಿಗೆ ಹೋದೆ. ಬೇವಿನ ಮರದ ಕೆಳಗೆ ಇಂಗಳೇಶ್ವರದ ಚಕ್ಕಡಿಗಳು, ನಡುವೆ ನಮ್ಮ ದೋಣಿ, ಎರಡು ಎತ್ತು ಅದರೊಳಗೆ ಮುಸುಡಿ ಇಟ್ಟಿದ್ದವು. ಮೊದಲು ಒಂದು ನಗು ಕೇಳಿಸಿತು, ಆಮೇಲೆ ಅದು ಅವ್ವನದೆಂದು ತಿಳಿಯಿತು. ತಲೆಯ ಮೇಲಿನ ಸೆರಗು ಜಾರಿತ್ತು. ನೊಗದ ಮೇಲೆ ಕೂತು, ಹೆಂಗಸರ ನಡುವೆ, ಶೇಂಗಾ ಸುಲಿಯುತ್ತಾ ಬಾಯ್ತುಂಬ ನಗುತ್ತಿದ್ದಳು. ಹುಟ್ಟಿದಾಗಿನಿಂದ ಅವಳ ಜೊತೆಗೇ ಇದ್ದವಳು ನಾನು, ಅಂಥ ನಗು ಕೇಳಿರಲಿಲ್ಲ. ನಮ್ಮ ಪಡಸಾಲೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ನಾನು ಅರ್ಜಿ ಓದಿ ಹೇಳಿದೆ.

"ಇದು ಯಾರ ಸಲುವಾಗಿ?" ಅಂದಳು.

"ನಿನ್ನ ಸಲುವಾಗಿ."

"ನನ್ನ ಸಲುವಾಗಿ ಆದ್ರ ಬ್ಯಾಡವಾ."

ನನ್ನ ಕೈಯಿಂದ ಕಾಗದ ತೆಗೆದುಕೊಂಡು, ಪೊಟ್ಟಣ ಕಟ್ಟಿ, ಸುಲಿದ ಶೇಂಗಾ ತುಂಬಿ ನನ್ನ ಕೈಗೇ ಕೊಟ್ಟಳು. "ನಿಮ್ಮಪ್ಪಗ ಒಯ್ಯಿ. ರೊಟ್ಟಿ ಉಂಡಾರೋ ಇಲ್ಲೋ."

ಉಂಡಿರಲಿಲ್ಲ. ಅಪ್ಪ ಶೇಂಗಾ ತಿಂದ, ಪೊಟ್ಟಣದ ಮೇಲಿನ ಅಕ್ಷರ ನೋಡಿದ. "ನಿಮ್ಮವ್ವ ಯಾವಾಗ ಬರ್ತಾಳಂತ?" ಅಂದ.

"ಚಕ್ಕಡಿ ಎಲ್ಲಾ ಹೋದ ಮ್ಯಾಲ."

ಅಂಗಡಿಯನ್ನು ನನಗೆ ನೋಡಿಕೊಳ್ಳಲು ಹೇಳಿ ಅಪ್ಪ ಎದ್ದು ಹೋದ. ಎಲ್ಲಿಗೆ ಹೋದನೆಂದು ಬಗ್ಗಿ ನೋಡಿದರೆ, ಮನೆಯ ಹೊಸ್ತಿಲ ಮೇಲೆ, ಅವ್ವ ಕೂಡ್ರುತ್ತಿದ್ದ ಕಡೆಯೇ ಕೂತು ಬೇಲಿಯ ಕಡೆ ನೋಡುತ್ತಿದ್ದ.